ಅತ್ತರಿನ ಚೆಂಡು

ಅರಿಷ್ಟದ ಮದ್ದಿನ ಬಾಟ್ಲಿ ಖಾಲಿಯಾದರೆ ಅದನ್ನು ಮುಟ್ಟುವ ಅಧಿಕಾರ ನಮ್ಮ ಮನೆಯಲ್ಲಿ ನನಗಿಲ್ಲ. ನನ್ನ ಹೆಂಡತಿ ದೇವಕಿ ಅದನ್ನು ತೊಳೆದು, ನೀರು ಬಸಿಯಲೆಂದು ಅಡುಗೆಮನೆಯ ಕಟ್ಟೆಯ ಮೇಲೆ ಅಡ್ಡ ಮಲಗಿಸಿ, ನಾನು ಎಲ್ಲಿದ್ದೇನೆ ಎಂದು ಒಮ್ಮೆ ನೋಡಿಕೊಳ್ಳುತ್ತಾಳೆ. ಮೊನ್ನೆಯೂ ಹಾಗೆಯೇ ಆಯಿತು. ನಾನು ನೀರು ಕುಡಿಯಲೆಂದು ಹೋದವನು, ಬೇರೇನೂ ಉದ್ದೇಶವಿರಲಿಲ್ಲ. ಬಾಟ್ಲಿಯ ಬಾಯಿ ನೇರ ನನ್ನ ಕಡೆಗೇ ತಿರುಗಿತ್ತು. ಅಷ್ಟೇ. ಎಡಗೈ ತಾನಾಗಿ ಕಟ್ಟೆಯ ಮೇಲೆ ಊರಿತು, ಹೆಬ್ಬೆರಳು ಎದ್ದಿತು, ಬಲಗೈ ದೋಸೆಯ ಸಟ್ಟುಗವನ್ನು ಹಿಡಿದು ಮೆಲ್ಲಗೆ ಹಿಂದಕ್ಕೆ ಹೋಯಿತು.

"ಬೇಡ," ಎಂದಳು ದೇವಕಿ, ತಿರುಗಿ ಕೂಡ ನೋಡದೆ. "ಅದಕ್ಕೆ ತೆಂಗಿನೆಣ್ಣೆ ತುಂಬಿಸ್ಲಿಕ್ಕುಂಟು."

"ನಾನು ಎಂತ ಮಾಡಿದೆ ಈಗ?"

"ಮಾಡ್ಲಿಲ್ಲ. ಮಾಡ್ಲಿಕ್ಕೆ ಹೊರಟದ್ದು ಎಂತ ಅಂತ ನಂಗೆ ಗೊತ್ತಿಲ್ವಾ? ಕಳೆದ ಸಲ ಎರಡು ಒಡೆದಾಯ್ತು ಮಾರಾಯ್ರೆ. ಅಷ್ಟು ಆಸೆ ಇದ್ರೆ ಅಂಗಳಕ್ಕೆ ಹೋಗಿ ಮಾಡಿ."

ಅಂಗಳದಲ್ಲಿ ಮಾಡಿದರೆ ದಾರಿಯಲ್ಲಿ ಹೋಗುವವರು ನೋಡುತ್ತಾರೆ. ನಿವೃತ್ತ ಮಾಷ್ಟ್ರು ಕುಕ್ಕರಗಾಲಿನಲ್ಲಿ ಕೂತು ಬಾಟ್ಲಿಯ ಬಾಯಿಗೆ ಕೋಲು ಹಾಕಿ ತೆಗೆಯುವುದನ್ನು ಕಂಡರೆ ಊರಿಗೆಲ್ಲ ಹೇಳಲು ಒಂದು ಸುದ್ದಿಯಾಗುತ್ತದೆ. ನಿಮಗಾದರೆ ಕಾರಣ ಹೇಳಬಹುದು. ಇದು ಬಿಲಿಯರ್ಡ್ಸಿನಲ್ಲಿ ಗುರಿ ಕಲಿಯುವ ಪಾಠ. ಕೋಲಿನ ತುದಿ ಬಾಟ್ಲಿಯ ಬಾಯಿಯಿಂದ ಒಳಗೆ ಹೋಗಿ ಹೊರಗೆ ಬರಬೇಕು, ಗಾಜಿಗೆ ತಾಗಬಾರದು. ಇಪ್ಪತ್ತು ಸಲ ತಾಗದಿದ್ದರೆ ಮಾತ್ರ ಚೆಂಡು ಮುಟ್ಟಲು ಅಪ್ಪಣೆ. ನಾನು ಮೂರು ತಿಂಗಳು ಚೆಂಡು ಮುಟ್ಟಲಿಲ್ಲ.

ಗುರಿಗೂ ನನಗೂ ಹುಟ್ಟಿನಿಂದಲೇ ಆಗಿಬರುವುದಿಲ್ಲ. ನಮ್ಮ ಊರು ಮರ್ಕಂಜದಲ್ಲಿ ನಾನು ಚಿಕ್ಕವನಿದ್ದಾಗ ಮಾವಿನಕಾಯಿಗೆಂದು ಕಲ್ಲು ಹೆಕ್ಕಿದರೆ ಸಾಕು, ಜಗಲಿಯಲ್ಲಿ ಕೂತ ಅಜ್ಜ ದೊಡ್ಡ ಸ್ವರದಲ್ಲಿ, "ಇವ ಕಲ್ಲು ಹೆಕ್ಕಿದ, ಎಲ್ಲರೂ ಒಳಗೆ ಬನ್ನಿ," ಎಂದು ಕರೆಯುತ್ತಿದ್ದರು. ಅಜ್ಜಿ ಕೋಳಿಮರಿಗಳನ್ನೂ ಒಳಗೆ ಹಾಕುತ್ತಿದ್ದರು. ಮುಂದೆ ಮಾಷ್ಟ್ರಾದ ಮೇಲೂ ಗುಣ ಬಿಡಲಿಲ್ಲ. ತೂಕಡಿಸುವ ಹುಡುಗನ ಮೇಲೆ ಸೀಮೆಸುಣ್ಣದ ತುಂಡು ಎಸೆದರೆ ಅದು ಮೊದಲ ಬೆಂಚಿನಲ್ಲಿ ಕೈಕಟ್ಟಿ ಕೂತ ಪಾಪದವನ ತಲೆಗೆ ಬೀಳುತ್ತಿತ್ತು. ಮಕ್ಕಳಿಗೆ ಎರಡೇ ವಾರದಲ್ಲಿ ಗುಟ್ಟು ತಿಳಿಯಿತು: ಮಾಷ್ಟ್ರು ಯಾರಿಗೆ ಗುರಿ ಇಡುತ್ತಾರೋ ಅವನಷ್ಟು ಕ್ಷೇಮವಾಗಿ ತರಗತಿಯಲ್ಲಿ ಬೇರೆ ಯಾರೂ ಇಲ್ಲ.

ಐವತ್ತರ ದಶಕದ ನಡುವೆ ನನಗೆ ಪುತ್ತೂರಿಗೆ ವರ್ಗವಾಯಿತು. ಕೋರ್ಟಿನ ಹಿಂದಿನ ರಸ್ತೆಯಲ್ಲಿ ಒಂದು ಹಂಚಿನ ಕಟ್ಟಡವಿತ್ತು. ಅದನ್ನು ಎಲ್ಲರೂ ಕ್ಲಬ್ಬು ಎನ್ನುತ್ತಿದ್ದರು. ಮುಂದಿನ ಕೋಣೆಯಲ್ಲಿ ಪೇಪರು ಓದುವವರು, ಹಿಂದಿನ ಕೋಣೆಯಲ್ಲಿ ಬಿಲಿಯರ್ಡ್ಸ್ ಮೇಜು. ನನ್ನ ಅಕ್ಷರ ದುಂಡಗಿತ್ತೆಂಬ ಒಂದೇ ಕಾರಣಕ್ಕೆ ನನ್ನನ್ನು ಅಲ್ಲಿ ಕಾರ್ಯದರ್ಶಿ ಮಾಡಿದರು. ಅಧ್ಯಕ್ಷರು ಕೇಶವಯ್ಯ ವಕೀಲರು. ಊಟಕ್ಕೆ ಕೂತರೂ ಎದುರಿನ ಉಪ್ಪಿನಕಾಯಿಯನ್ನು ಪಾಟೀಸವಾಲು ಮಾಡುವಂಥ ಮನುಷ್ಯ.

ಆ ಮೇಜು ಅಲ್ಲಿಗೆ ಬಂದದ್ದೇ ಒಂದು ಕತೆ. ಘಟ್ಟದ ಮೇಲಿನ ಬಿಳಿಯರು ತೋಟಗಳನ್ನು ಒಂದೊಂದಾಗಿ ಬಿಟ್ಟು ಹೋಗುತ್ತಿದ್ದ ಕಾಲ. ಅವರ ಕ್ಲಬ್ಬೊಂದರ ಸಾಮಾನು ಹರಾಜಾದಾಗ ವಕೀಲರು ಕುರ್ಚಿ ತರುತ್ತೇನೆಂದು ಹೋಗಿ ಇದನ್ನು ತಂದರು. ಮಡಿಕೇರಿಯಿಂದ ಸುಳ್ಯದ ದಾರಿಯಾಗಿ ಲಾರಿಯಲ್ಲಿ ಬಂತು. ಮೇಜಿಗೆ ಹೊದಿಸಿದ ಹಸಿರು ಬನಾತಿನ ಬಟ್ಟೆಯ ಅಡಿಯಲ್ಲಿ ಕಲ್ಲಿನ ಹಾಸುಗಳಿರುತ್ತವೆಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಳಿಸಲು ನಿಂತವರು, "ಇದೆಂತ, ಆಟದ ಮೇಜಾ, ಬಟ್ಟೆ ಒಗೆಯುವ ಕಲ್ಲಾ?" ಎಂದು ಕೇಳಿದರಂತೆ. ಮೇಜಿನ ಜೊತೆಗೇ, ಲಾರಿಯ ಹಿಂದೆ ಕಲ್ಲುಗಳ ಮೇಲೆ ಕೂತು, ಅದ್ರಾಮಾಕನೂ ಬಂದ.

ಅದ್ರಾಮಾಕ ಆ ಬಿಳಿಯರ ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದವನು. ಮಾರ್ಕರ್ ಎಂದರೆ ಚೆಂಡುಗಳನ್ನು ಅವುಗಳ ಜಾಗದಲ್ಲಿ ಇಡುವುದು, ಅಂಕ ಲೆಕ್ಕ ಹಾಕುವುದು, ಯಾವುದು ಯಾವುದಕ್ಕೆ ತಾಗಿತು ಎಂದು ತೀರ್ಪು ಹೇಳುವುದು. ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸಲ್ಮಾನ. ಐವತ್ತೈದು ದಾಟಿದ ವಯಸ್ಸು, ಬಿಳಿ ಟೊಪ್ಪಿ, ಗಡ್ಡದಲ್ಲಿ ನಾಲ್ಕೇ ಕಪ್ಪು ಕೂದಲು. ಕ್ಲಬ್ಬಿನ ಹಿಂದಿನ ಒಂದು ಕೋಣೆಯಲ್ಲಿ ಹೆಂಡತಿ ಆಯಿಶಮ್ಮನೊಡನೆ ವಾಸ. ಕೆಲಸವೂ ಮನೆಯೂ ಅದೇ.

ಬಿಲಿಯರ್ಡ್ಸಿನಲ್ಲಿ ಮೂರೇ ಚೆಂಡು. ಒಂದು ಕೆಂಪು, ಎರಡು ಬಿಳಿ. ಬಿಳಿಗಳಲ್ಲಿ ಒಂದಕ್ಕೆ ಸಣ್ಣ ಕಪ್ಪು ಚುಕ್ಕೆ ಇರುತ್ತದೆ. ಒಬ್ಬನಿಗೆ ಚುಕ್ಕೆಯದು, ಎದುರಾಳಿಗೆ ಚುಕ್ಕೆಯಿಲ್ಲದ್ದು. ನಮ್ಮ ಕ್ಲಬ್ಬಿನಲ್ಲಿ ಇನ್ನೊಂದು ವಿಶೇಷವಿತ್ತು. ಅದ್ರಾಮಾಕ ಪ್ರತಿದಿನ ಆಟಕ್ಕೆ ಮೊದಲು ಕಿವಿಯ ಸಂದಿಯಿಂದ ಅತ್ತರಿನ ಹತ್ತಿಯನ್ನು ತೆಗೆದು ಚುಕ್ಕೆಯ ಚೆಂಡಿಗೆ ಒಂದು ಸಲ ಒರೆಸುತ್ತಿದ್ದ. ಹೊಸ ಮುನ್ಸಿಫರು ಬಂದಾಗ ಇದೆಂತ ಎಂದು ಕೇಳಿದರು. ವಕೀಲರು ಗಂಭೀರವಾಗಿ, "ಅದು ಬಿಳಿಯರ ಪದ್ಧತಿ. ಅವರ ಕ್ಲಬ್ಬುಗಳಲ್ಲಿ ಹಾಗೆಯೇ," ಎಂದರು. ಆಮೇಲೆ ಅದಕ್ಕೆ ಒಂದು ಗೌರವ ಬಂತು. ನಮ್ಮ ಡಾಕ್ಟರು ಮಂಗಳೂರಿನಿಂದ ಲ್ಯಾವೆಂಡರಿನ ಶೀಶೆ ತಂದು, "ಅತ್ತರಿಗಿಂತ ಇದು ಬಿಳಿಯರಿಗೆ ಹೆಚ್ಚು ಇಷ್ಟ," ಎಂದು ಕೊಟ್ಟರು. ಅದ್ರಾಮಾಕ ಕೈಮುಗಿದು ಅದನ್ನು ಪಕ್ಕಕ್ಕಿಟ್ಟ. ಅತ್ತರು ಬಿಡಲಿಲ್ಲ.

ನಾನು ಶಾಲೆ ಬಿಟ್ಟ ಮೇಲೆ, ಸದಸ್ಯರು ಬರುವ ಮೊದಲು, ಅದ್ರಾಮಾಕನ ಹತ್ತಿರ ಒಂದು ಗಂಟೆ ಆಟ ಕಲಿಯುತ್ತಿದ್ದೆ. ಮಾಡಿನಲ್ಲಿ ನಾಲ್ಕು ಗಾಜಿನ ಹಂಚುಗಳಿದ್ದವು. ಅವುಗಳ ಬೆಳಕು ಮೇಜಿನ ಮೇಲೆ ನಾಲ್ಕು ಮಣೆ ಹಾಕಿದ ಹಾಗೆ ಬೀಳುತ್ತಿತ್ತು. ಬಾಟ್ಲಿಯ ಪಾಠ ಮುಗಿದ ಮೇಲೆ ಒಂಟಿ ಚೆಂಡಿನ ಪಾಠ: ಚೆಂಡನ್ನು ನೇರ ಹೊಡೆದರೆ ಅದು ಆಚೆ ತುದಿಯ ಅಂಚಿಗೆ ಬಡಿದು ಬಂದ ದಾರಿಯಲ್ಲೇ ಹಿಂದೆ ಬಂದು, ಅಲುಗಾಡಿಸದೆ ಹಿಡಿದ ಕೋಲಿನ ತುದಿಗೇ ತಾಗಬೇಕು. ನನ್ನ ಚೆಂಡು ಮೊದಮೊದಲು ಸುಬ್ರಹ್ಮಣ್ಯಕ್ಕೆ ಹೋಗಬೇಕಾದ ಬಸ್ಸು ಕಡಬದಲ್ಲಿ ನಿಂತ ಹಾಗೆ ಎಲ್ಲೋ ನಡುವೆ ಒಂದು ಬದಿಗೆ ಹೋಗಿ ನಿಲ್ಲುತ್ತಿತ್ತು. ಅದಾದ ಮೇಲೆ ಅಡಿಕೆಯ ಪಾಠ: ಮೇಜಿನ ಮೇಲೆ ಒಂದು ಒಣ ಅಡಿಕೆ ಇಟ್ಟು ದೂರದಿಂದ ಚೆಂಡಿನಲ್ಲಿ ಹೊಡೆಯುವುದು. ಕೊನೆಯದು, ಎಲ್ಲಕ್ಕಿಂತ ಕಷ್ಟದ್ದು, ಸವರುವ ಪಾಠ. ಬಿಳಿ ಚೆಂಡು ಕೆಂಪನ್ನು ಮುಟ್ಟಬೇಕು, ಆದರೆ ಕೆಂಪಿಗೆ ಅದು ಗೊತ್ತಾಗಬಾರದು.

"ದಪ್ಪ ಆಯ್ತು ಮಾಷ್ಟ್ರೇ. ಹೆಚ್ಚು ತಾಗಿತು."

"ಇದು?"

"ಇನ್ನೂ ದಪ್ಪ. ನೀವು ಬಾಗಿಲು ಬಡಿಯುದಾ? ಮಗು ಮಲಗಿದೆಯಾ ಅಂತ ಕೆನ್ನೆ ಮುಟ್ಟಿ ನೋಡುದಿಲ್ವಾ, ಹಾಗೆ."

ಇದನ್ನೆಲ್ಲ ಅವನು ಹೇಳುತ್ತಿದ್ದದ್ದು ಕಿಟಕಿಯ ಕಡೆ ಮುಖ ಮಾಡಿ, ವೀಳ್ಯ ಜಗಿಯುತ್ತ. ಒಂದು ಸಲವೂ ಮೇಜಿನ ಕಡೆ ನೋಡುತ್ತಿರಲಿಲ್ಲ. ನನಗೋ ಭಕ್ತಿ ಹೆಚ್ಚಾಯಿತು. ಎಂಥ ಗುರು! ನನ್ನ ಆಟ ನೋಡುವ ಅಗತ್ಯವೇ ಅವನಿಗಿಲ್ಲ! ಮನೆಗೆ ಬಂದು ದೇವಕಿಗೆ ಹೇಳಿದರೆ ಅವಳು, "ನೋಡ್ಲಿಕ್ಕೆ ಆಗುದಿಲ್ಲ ಅಂತ ಆಚೆ ತಿರುಗುದಾಗಿರ್ಬಹುದು," ಎಂದಳು. ನನ್ನ ಆಟ ಅಷ್ಟು ಕೆಟ್ಟದ್ದೆಂದು ಅವಳ ಅರ್ಥ. ಮಾತು ಬೇರೆ ರೀತಿಯಲ್ಲಿ ನಿಜವಾಯಿತು.

ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮದುವೆಗೆ ಹೋಗಿದ್ದೆ, ಬ್ಯಾರಿಗಳ ಮನೆಗೆ. ಬಾಗಿಲಲ್ಲೇ ಕೈಗೆ ಅತ್ತರು ಸವರಿದರು, ಹೊರಡುವಾಗ ಇನ್ನೊಮ್ಮೆ ಸವರಿದರು. ಅಲ್ಲಿಂದ ನೇರ ಕ್ಲಬ್ಬಿಗೆ ಬಂದು ಅದೇ ಕೈಯಲ್ಲಿ ಮೂರೂ ಚೆಂಡುಗಳನ್ನು ಮುಟ್ಟಿ ಆಡಿದೆ. ಆಟ ಮುಗಿದು ಅದ್ರಾಮಾಕ ಚೆಂಡುಗಳನ್ನು ಅವುಗಳ ಜಾಗಕ್ಕೆ ಇಡಬೇಕಿತ್ತು. ಒಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದ. ಇಟ್ಟ. ಇನ್ನೊಂದನ್ನು ಎತ್ತಿ ಹಿಡಿದ. ಮತ್ತೆ ಮೊದಲಿನದು. ಎರಡು ಕೈಯಲ್ಲಿ ಎರಡು ಬಿಳಿ ಚೆಂಡು ಹಿಡಿದು ಸುಮ್ಮನೆ ನಿಂತುಬಿಟ್ಟ.

"ಎಂತ ಆಯ್ತು ಅದ್ರಾಮಾಕ?"

"ಮಾಷ್ಟ್ರೇ," ಎಂದ, ಸ್ವರ ತಗ್ಗಿಸಿ. "ಎರಡೂ ಪರಿಮಳ ಬರ್ತದೆ."

ಆಗಲೂ ನನಗೆ ತಿಳಿಯಲಿಲ್ಲ. "ಚುಕ್ಕೆ ನೋಡು ಮಾರಾಯ," ಎಂದೆ.

ಅವನು ನನ್ನ ಕಡೆ ಮುಖ ತಿರುಗಿಸಿದ. ಗಾಜಿನ ಹಂಚಿನ ಬೆಳಕು ಅವನ ಕಣ್ಣಿಗೆ ಬಿತ್ತು. ಎರಡು ಕಣ್ಣಿನಲ್ಲೂ ಅಕ್ಕಿ ತೊಳೆದ ನೀರಿನ ಹಾಗೆ ಬೂದು ಕಟ್ಟಿತ್ತು. ಒಂದು ವರ್ಷ ಅವನ ಹತ್ತಿರ ಕಲಿತವನು ನಾನು, ಅವನ ಕಣ್ಣನ್ನು ನೋಡಿದ್ದು ಅದೇ ಮೊದಲು.

ಪೊರೆ ಬಂದು ಮೂರು ವರ್ಷವಾಗಿತ್ತಂತೆ. ಹಗಲು ರಾತ್ರಿ ತಿಳಿಯುತ್ತದೆ, ಕೆಂಪು ಮಸುಕಾಗಿ ತಿಳಿಯುತ್ತದೆ, ಬಿಳಿಗಳೆರಡು ಒಂದೇ, ಅದಕ್ಕೇ ಅತ್ತರು. ತೀರ್ಪೆಲ್ಲ ಶಬ್ದದ ಮೇಲೆ. ಚೆಂಡು ಚೆಂಡಿಗೆ ತಾಗಿದ ಶಬ್ದ, ಅಂಚಿಗೆ ಬಡಿದ ಶಬ್ದ, ಬನಾತಿನ ಮೇಲೆ ಉರುಳುವ ಶಬ್ದ, ಇವೆಲ್ಲ ಅವನಿಗೆ ಬೇರೆ ಬೇರೆ. ಬಾಟ್ಲಿ, ಅಡಿಕೆ, ಕೋಲಿನ ತುದಿಗೆ ಹಿಂದೆ ಬರುವ ಚೆಂಡು: ನನಗೆ ಹೇಳಿಕೊಟ್ಟ ಪಾಠಗಳೆಲ್ಲ ಕೇಳಿಸುವ ಪಾಠಗಳು ಎಂದು ಆಗ ಹೊಳೆಯಿತು.

"ಮಂಗ್ಳೂರಿಗೆ ಹೋದ್ರೆ ಆಪರೇಷನ್ ಮಾಡ್ತಾರಲ್ಲ?"

"ನನ್ನ ಅಣ್ಣನಿಗೆ ಮಾಡಿದ್ರು. ಇದ್ದ ಬೆಳಕೂ ಹೋಯ್ತು." ಚೆಂಡುಗಳನ್ನು ಮೇಜಿಗಿಟ್ಟು, "ಮತ್ತೆ, ಹೋಗ್ಬೇಕಾದ್ರೆ ಕಣ್ಣು ಕಾಣುದಿಲ್ಲ ಅಂತ ಧಣಿಗಳಿಗೆ ಹೇಳ್ಬೇಕು. ಹೇಳಿದ ಮೇಲೆ ಮಾರ್ಕರ್ ಕೆಲಸ ಉಂಟಾ? ಕೆಲಸ ಇಲ್ಲದವನಿಗೆ ಈ ಕೋಣೆ ಉಂಟಾ? ಆಯಿಶಮ್ಮನನ್ನು ಕರ್ಕೊಂಡು ನಾನು ಎಲ್ಲಿಗೆ ಹೋಗುದು ಮಾಷ್ಟ್ರೇ? ನೀವು ಬರೆಯುವ ಪುಸ್ತಕದಲ್ಲಿ ಇದನ್ನು ಬರೀಬೇಡಿ."

ಬರೆಯಲಿಲ್ಲ. ಆ ದಿನದ ನಡವಳಿ ಪುಸ್ತಕದಲ್ಲಿ, "ಹಾಜರಿ ಕಡಿಮೆ, ವಿಶೇಷವೇನಿಲ್ಲ," ಎಂದು ದುಂಡಗೆ ಬರೆದೆ. ಆಮೇಲೆ ಮದುವೆಗಳಿಂದ ಬರುವಾಗ ಕೈತೊಳೆದು ಬರುತ್ತಿದ್ದೆ.

ಗುಟ್ಟು ಒಂದು ಮಳೆಗಾಲ ಉಳಿಯಿತು. ಅದನ್ನು ಒಡೆದವರು ಸೋಮಯ್ಯ ಎಂಬವರು. ಕೊಡಗಿನ ಕಾಫಿ ತೋಟದ ಧಣಿ, ಕೇಶವಯ್ಯ ವಕೀಲರ ಕಕ್ಷಿಗಾರರು. ಒಂದು ಜಾಗದ ತಕರಾರಿಗೆ ಘಟ್ಟ ಇಳಿದು ಬಂದವರು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ವಕೀಲರೊಡನೆ ಆಡಲು ನಿಂತರು. ಮೀಸೆ, ಬೂಟು, ದೊಡ್ಡ ನಗು. ಆಟ ಬಲ್ಲವರು. ನಾವೆಲ್ಲ ಸುತ್ತ ಕೂತಿದ್ದೆವು.

ಇಬ್ಬರೂ ಗೆಲುವಿನ ಹತ್ತಿರ ಬಂದಾಗ ವಕೀಲರ ಬಿಳಿ ಚೆಂಡು ಕೆಂಪನ್ನು ಸವರಿದ ಹಾಗೆ ಮಾಡಿ ಹೋಗಿ ಇನ್ನೊಂದು ಬಿಳಿಗೆ ಬಡಿಯಿತು. ಎರಡಕ್ಕೂ ತಾಗಿದ್ದರೆ ಎರಡು ಅಂಕ, ಇಲ್ಲದಿದ್ದರೆ ಏನೂ ಇಲ್ಲ.

"ಎರಡು," ಎಂದ ಅದ್ರಾಮಾಕ.

"ಎಲ್ಲಿಯ ಎರಡು?" ಎಂದರು ಸೋಮಯ್ಯ. "ಕೆಂಪು ಅಲುಗಾಡಲೇ ಇಲ್ಲ. ನಾನು ಇಲ್ಲೇ ನಿಂತು ನೋಡಿದ್ದೇನೆ."

"ತಾಗಿತು ಧಣಿ."

"ನೀನು ಅತ್ತ ತಿರುಗಿ ನಿಂತಿದ್ದೆಯಲ್ಲ? ಬೆನ್ನಿನಲ್ಲಿ ಕಣ್ಣುಂಟಾ ನಿನಗೆ?" ಸೋಮಯ್ಯ ಅವನ ಹತ್ತಿರ ಹೋಗಿ ಮುಖವನ್ನು ನೋಡಿದರು. ಮತ್ತೆ ಕೈ ಎತ್ತಿ ಬೆರಳು ಹಿಡಿದು, "ಇದು ಎಷ್ಟು?" ಎಂದರು.

ನಾನು ಅದ್ರಾಮಾಕನ ಪಕ್ಕದಲ್ಲೇ ಇದ್ದೆ. ಮೂರು ಎಂದು ಮೆಲ್ಲಗೆ ಹೇಳಬಹುದಿತ್ತು. ಅದಕ್ಕಿಂತಲೂ, ಕೆಂಪು ಒಂದು ಕೂದಲಿನಷ್ಟು ನಡುಗಿದ್ದನ್ನು ನಾನೂ ನೋಡಿದ್ದೆ. ಹೌದು, ತಾಗಿತು ಎನ್ನಬಹುದಿತ್ತು. ತರಗತಿಯಲ್ಲಿ ನಲವತ್ತು ಮಕ್ಕಳ ಮುಂದೆ ಗುಡುಗುವ ನಾನು ಒಂದು ಜೊತೆ ಬೂಟಿನ ಮುಂದೆ ಮೂಕನಾದೆ.

"ಧಣಿ, ಕಣ್ಣು ಮಂಜಾಗಿ ಮೂರು ವರ್ಷ ದಾಟಿತು," ಎಂದ ಅದ್ರಾಮಾಕ, ತಾನಾಗಿಯೇ. "ಆದ್ರೆ ಚೆಂಡು ತಾಗಿತು."

ಸೋಮಯ್ಯ ಹೊಟ್ಟೆ ಹಿಡಿದು ನಕ್ಕರು. "ವಕೀಲರೇ, ಕುರುಡು ಮಾರ್ಕರನ್ನು ಇಟ್ಟುಕೊಂಡು ಮೂರು ವರ್ಷದಿಂದ ಆಡುತ್ತಿದ್ದೀರಾ? ಇನ್ನು ನನ್ನ ಕೇಸು ಯಾವ ಕುರುಡನ ಮುಂದೆ ಉಂಟು?"

ವಕೀಲರ ಮುಖ ಕೆಂಪಾಯಿತು. ಅವರಿಗೆ ಅದ್ರಾಮಾಕನ ಮೇಲೆ ಕನಿಕರ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ಅವರಿಗೆ ಆ ಎರಡು ಅಂಕ ಬಿಡಲು ಮನಸ್ಸಿರಲಿಲ್ಲ.

"ಸಾಕ್ಷಿದಾರನಿಗೆ ಕಣ್ಣಿಲ್ಲದಿದ್ದರೆ ಕಿವಿಯ ಸಾಕ್ಷಿ ನಡೆಯುತ್ತದೆ. ಪರೀಕ್ಷೆ ಮಾಡೋಣ," ಎಂದರು. "ಕೋಲಿನ ತುದಿಯನ್ನು ಒರೆಸಿ, ಅದಕ್ಕೆ ಹಚ್ಚುವ ನೀಲಿ ಸುಣ್ಣವನ್ನು ಕೆಂಪು ಚೆಂಡಿಗೆ ಸವರೋಣ. ಬಿಳಿ ತಾಗಿದರೆ ಅದಕ್ಕೆ ನೀಲಿ ಅಂಟುತ್ತದೆ. ದಾಖಲೆ! ಮೂರು ಹೊಡೆತ. ಇವನು ಮೂರೂ ಸರಿ ಹೇಳಿದರೆ ಎರಡು ಅಂಕ ನನಗೆ, ಮಾರ್ಕರ್ ಇವನೇ. ಒಂದು ತಪ್ಪಿದರೆ ಅಂಕ ನಿಮಗೆ, ನಾಳೆಯಿಂದ ಇಲ್ಲಿ ಬೇರೆ ಮಾರ್ಕರ್."

ಒಳಬಾಗಿಲಿನ ಹಿಂದೆ ಆಯಿಶಮ್ಮನ ಬಳೆಯ ಶಬ್ದ ಕೇಳಿತು, ಆಮೇಲೆ ಕೇಳಲಿಲ್ಲ.

"ಹೊಡೆಯುವವರು ಯಾರು?" ಎಂದರು ಸೋಮಯ್ಯ. "ನೀವಲ್ಲ, ನಾನೂ ಅಲ್ಲ."

ಡಾಕ್ಟರು ಕೈ ಆಡಿಸಿದರು. ಅವರಿಗೆ ಜೋರಾಗಿ ಹೊಡೆಯುವುದೊಂದೇ ಬರುತ್ತಿತ್ತು. ಅದ್ರಾಮಾಕ ಗೋಡೆಯ ಕಡೆ ಮುಖ ಮಾಡಿ, ಮೇಜಿಗೆ ಬೆನ್ನು ಹಾಕಿ ನಿಂತು, "ಮಾಷ್ಟ್ರು ಹೊಡೀಲಿ," ಎಂದ.

ನಾನು ಕೋಲು ಹಿಡಿದೆ. ಮೊದಲನೆಯದು ಸ್ವಲ್ಪ ದಪ್ಪಕ್ಕೇ ಹೊಡೆದೆ. "ತಾಗಿತು," ಎಂದ. ಬಿಳಿಯ ಮೇಲೆ ನೀಲಿ ಇತ್ತು. ಅದನ್ನು ಒರೆಸಿಟ್ಟು ಎರಡನೆಯದು ಬೇಕೆಂದೇ ಒಂದು ನೂಲಿನ ಅಂತರದಲ್ಲಿ ಬಿಟ್ಟೆ. "ಇಲ್ಲ," ಎಂದ. ಬಿಳಿ ಬಿಳಿಯಾಗಿಯೇ ಇತ್ತು. ಮೂರನೆಯದಕ್ಕೆ ಸೋಮಯ್ಯ ಹತ್ತಿರ ಬಂದು ನನ್ನ ಕಿವಿಯಲ್ಲಿ, "ತಾಗಿಸಿ. ಆದರೆ ಎಷ್ಟು ಸಣ್ಣಗೆ ಆಗುತ್ತದೋ ಅಷ್ಟು ಸಣ್ಣಗೆ," ಎಂದರು. ಸವರುವ ಪಾಠ! ಆರು ತಿಂಗಳು ಅದನ್ನೇ ಮಾಡಿದ್ದೆ. ಉಸಿರು ಹಿಡಿದು, ಮಲಗಿದ ಮಗುವಿನ ಕೆನ್ನೆಯನ್ನು ನೆನೆದು ಹೊಡೆದೆ. ಬಿಳಿ ಹೋಗಿ ಕೆಂಪಿನ ಬದಿಯನ್ನು ಸವರಿ ದಾಟಿತು. ಅಷ್ಟು ಚಂದದ ಹೊಡೆತ ನನ್ನ ಜೀವಮಾನದಲ್ಲಿ ಹೊಡೆದವನಲ್ಲ.

"ಇಲ್ಲ," ಎಂದ ಅದ್ರಾಮಾಕ.

ಸೋಮಯ್ಯ ಚಪ್ಪಾಳೆ ತಟ್ಟಿದರು. "ಮುಗಿಯಿತು! ಮಾಷ್ಟ್ರೇ, ನೀವೇ ಹೇಳಿ, ತಾಗಿತೋ ಇಲ್ಲವೋ?"

ಎಲ್ಲರೂ ನನ್ನನ್ನೇ ನೋಡಿದರು. ಸುಳ್ಳು ಹೇಳಿ ಅವನನ್ನು ಉಳಿಸಬೇಕೆಂದು ಅನಿಸಿತು. ಆದರೆ ಚೆಂಡು ಅಲ್ಲೇ ಇತ್ತು, ಸುಳ್ಳಿಗೆ ಎಷ್ಟು ಆಯಸ್ಸು? "ತಾಗಿದ ಹಾಗೆ ಕಂಡಿತು," ಎಂದೆ. ಸ್ವರ ನನಗೇ ಕೇಳಲಿಲ್ಲ.

"ದಾಖಲೆ ನೋಡಿ," ಎಂದರು ವಕೀಲರು, ಅವರ ಸ್ವರವೂ ಇಳಿದಿತ್ತು.

ಸೋಮಯ್ಯ ಬಿಳಿ ಚೆಂಡನ್ನು ಎತ್ತಿ ಗಾಜಿನ ಹಂಚಿನ ಬೆಳಕಿಗೆ ಹಿಡಿದು ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು. ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಚೆಂಡನ್ನು ಸುತ್ತಲೂ ಒರೆಸಿ ನೋಡಿದರು. ನೀಲಿಯ ಸುಳಿವೇ ಇಲ್ಲ. ಅವರ ನಗು ಮೆಲ್ಲಗೆ ಆರಿತು, ಮತ್ತೆ ಬೇರೊಂದು ನಗು ಬಂತು. ಅದ್ರಾಮಾಕನ ಭುಜದ ಮೇಲೆ ಕೈ ಇಟ್ಟು, "ನಮ್ಮ ಆರು ಜನರ ಹನ್ನೆರಡು ಕಣ್ಣು ತಪ್ಪಿತಲ್ಲ ಮಾರಾಯ," ಎಂದರು. "ವಕೀಲರೇ, ಎರಡು ಅಂಕ ಹಾಕಿಕೊಳ್ಳಿ."

ನನ್ನ ಜೀವಮಾನದ ಚಂದದ ಹೊಡೆತ ಹೀಗೆ ತಪ್ಪಿದ ಹೊಡೆತವಾಯಿತು. ಅದಕ್ಕಾಗಿ ನಾನು ಇವತ್ತಿಗೂ ದೇವರಿಗೆ ಋಣಿ.

ಗೆದ್ದ ಮೇಲೆ ವಕೀಲರಿಗೆ ಕನಿಕರವೂ ಬಂತು. ಮಾರನೆಯ ದಿನ ಆಯಿಶಮ್ಮನನ್ನು ಕರೆಸಿ, "ಇವನು ಆಪರೇಷನ್ ಮಾಡಿಸಿಕೊಳ್ಳಬೇಕು. ಬರುವವರೆಗೆ ಕೆಲಸವೂ ಕೋಣೆಯೂ ಇವನದೇ. ಬರೆಯಿರಿ ಕಾರ್ಯದರ್ಶಿಗಳೇ," ಎಂದರು. ಬರೆದೆ. ಅದ್ರಾಮಾಕ ಅಣ್ಣನ ಕತೆ ಸುರು ಮಾಡುವಷ್ಟರಲ್ಲಿ ಆಯಿಶಮ್ಮ, "ನಿಮ್ಮ ಅಣ್ಣ ಮೂರನೇ ದಿನ ಎದ್ದು ಬೀಡಿ ಸೇದ್ಲಿಕ್ಕೆ ಹೋದದ್ದು. ಅದನ್ನೂ ಹೇಳಿ," ಎಂದಳು. ಅಲ್ಲಿಗೆ ಅವನ ವಾದ ಮುಗಿಯಿತು.

ಆ ಕಾಲದಲ್ಲಿ ಪೊರೆ ತೆಗೆದರೆ ತಲೆಯ ಎರಡು ಬದಿಗೂ ಮರಳಿನ ಚೀಲ ಇಟ್ಟು ದಿನಗಟ್ಟಲೆ ಅಲುಗಾಡದೆ ಮಲಗಿಸುತ್ತಿದ್ದರು. ಒಂದು ಕಣ್ಣಾಗಿ, ಅದು ಮಾಗಿ, ಇನ್ನೊಂದು ಕಣ್ಣಾಗಿ, ಕನ್ನಡಕ ಬರುವಾಗ ನಾಲ್ಕು ತಿಂಗಳು. ಅಷ್ಟೂ ದಿನ ಮಾರ್ಕರ್ ಕೆಲಸ ನನಗೆ. ಒಳ್ಳೆಯ ಎರಡು ಕಣ್ಣಿಟ್ಟುಕೊಂಡು ನಾನು ಕೊಟ್ಟ ತೀರ್ಪುಗಳಿಂದ ಮುನ್ಸಿಫರೂ ಡಾಕ್ಟರೂ ಹದಿನೈದು ದಿನ ಮಾತು ಬಿಟ್ಟರು.

ಅದ್ರಾಮಾಕ ಬಂದ. ಸೋಡಾ ಬಾಟ್ಲಿಯ ಅಡಿಯಷ್ಟು ದಪ್ಪದ ಕನ್ನಡಕ, ಅದರ ಹಿಂದೆ ಎಮ್ಮೆಯ ಕಣ್ಣಿನಷ್ಟು ದೊಡ್ಡದಾಗಿ ಕಾಣುವ ಎರಡು ಕಣ್ಣು. ಮೊದಲು ಮೇಜಿನ ಸುತ್ತ ಒಂದು ಸುತ್ತು ಬಂದು ಬನಾತಿನ ತೇಪೆಗಳನ್ನು ಎಣಿಸಿದ. ಆಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. ನಾವು ಹೊಟ್ಟೆ ಒಳಗೆ ಎಳೆದುಕೊಂಡು ನಿಂತೆವು.

ಮೊದಲು ನಾನು ಹೊಡೆದೆ.

"ಮಾಷ್ಟ್ರೇ, ನೀವು ಹೊಡೆಯುವಾಗ ನಾಲಗೆ ಹೊರಗೆ ಹಾಕ್ತೀರಿ. ಯಾವಾಗಿಂದ?"

"ಮೊದಲಿಂದಲೇ."

"ಯಾ ಅಲ್ಲಾ," ಎಂದ. "ಶಬ್ದ ಕೇಳಿ ನಾನು ನಿಮ್ಮನ್ನು ಎಷ್ಟು ಚಂದಕ್ಕೆ ಗ್ರಹಿಸಿದ್ದೆ!"

ಎಲ್ಲರಿಗಿಂತ ಹೆಚ್ಚು ನಕ್ಕವರು ವಕೀಲರು. ನಗುತ್ತಲೇ ಮೇಜಿನ ಮೇಲೆ ಬಾಗಿ, ಕರಿಕೋಟಿನ ಅಗಲದ ತೋಳನ್ನು ಬನಾತಿನ ಮೇಲೆ ಹಾಸಿ, ದೂರದ ಕೆಂಪಿಗೆ ಗುರಿ ಇಟ್ಟರು. ಬಾಗುವಾಗ ತೋಳು ಬಿಳಿ ಚೆಂಡಿಗೆ ತಾಗಿ ಅದು ಒಂದು ಬೆರಳಿನಷ್ಟು ಅನುಕೂಲದ ಜಾಗಕ್ಕೆ ಸರಿಯಿತು. ಅದ್ರಾಮಾಕನ ಕಣ್ಣು ಮಂಜಾದಂದಿನಿಂದ ಹಾಗೆ ಸರಿಯುತ್ತಲೇ ಇತ್ತು. ನಾವು ಯಾರೂ ಅಧ್ಯಕ್ಷರಿಗೆ ಹೇಳುತ್ತಿರಲಿಲ್ಲ. ಕೋಟಿನ ಬಟ್ಟೆ ಚೆಂಡಿಗೆ ತಾಗಿದರೆ ಶಬ್ದವೂ ಆಗುವುದಿಲ್ಲ.

"ಫೌಲ್," ಎಂದ ಅದ್ರಾಮಾಕ.

ವಕೀಲರು ನೆಟ್ಟಗೆ ನಿಂತರು. "ಎಂತ ಫೌಲ್?"

"ತೋಳು ತಾಗಿತು ಧಣಿ."

ವಕೀಲರು ನನ್ನ ಕಡೆ ತಿರುಗಿ, "ಕಾರ್ಯದರ್ಶಿಗಳೇ, ನೀವು ನೋಡಿದ್ದೀರಾ?" ಎಂದರು. ಆ ಹುಬ್ಬನ್ನು ನೋಡಿದರೆ ಎಂಥ ಸಾಕ್ಷಿಯೂ ಹೇಳಿಕೆ ತಿರುಗಿಸಬೇಕು.

"ನೋಡಿದೆ," ಎಂದೆ. "ತಾಗಿತು." ಈ ಸಲ ಸ್ವರ ಎಲ್ಲರಿಗೂ ಕೇಳಿತು.

ವಕೀಲರು ನನ್ನನ್ನೂ ಅವನನ್ನೂ ನೋಡಿದರು. "ಅಲ್ಲ ಮಾರಾಯ," ಎಂದರು ಕೊನೆಗೆ, "ನಿನ್ನನ್ನು ಮಂಗ್ಳೂರಿಗೆ ಕಳಿಸಿ ಕಣ್ಣು ಮಾಡಿಸಿದ್ದು ನಾನಲ್ವಾ?"

"ಹೌದು ಧಣಿ," ಎಂದ ಅದ್ರಾಮಾಕ, ಬಿಳಿ ಚೆಂಡನ್ನು ಎತ್ತಿ ಮೊದಲಿನ ಜಾಗದಲ್ಲಿ ಇಡುತ್ತ. "ಅದಕ್ಕೇ ಕಾಣುದು."